ಏಳನೇ ಮಾಪಕ

ಅಕ್ಕ ನನ್ನನ್ನು ಗಡಿಬಿಡಿ ಎಂದೇ ಕರೆಯುವುದು. ಕರೆಯಲಿ. ಆ ಸೋಮವಾರ ಬೆಳಿಗ್ಗೆ ನಾನು ಕುರ್ಚಿ ಬಿಟ್ಟು ಎದ್ದು ಕುಣಿದೆ, ಪಕ್ಕದ ಕೋಣೆಯವರು ಬಾಗಿಲಲ್ಲಿ ಇಣುಕಿದರೂ ನಿಲ್ಲಿಸಲಿಲ್ಲ. ಒಂದೂವರೆ ಗಂಟೆ ಹಿಡಿಯುತ್ತಿದ್ದ ಲೆಕ್ಕ ಇಪ್ಪತ್ತೊಂಬತ್ತೇ ನಿಮಿಷಕ್ಕೆ ಮುಗಿದಿತ್ತು.

ಲೆಕ್ಕ ಹೊಳೆಯದು. ಹೊಳೆಯುದ್ದಕ್ಕೂ ನೆಟ್ಟ ಮಾಪಕಗಳಿಂದ ಅಳತೆ ತೆಗೆದುಕೊಂಡು, ನಾಳೆ ಯಾವ ಸೇತುವೆಯ ಬಳಿ ನೀರು ಎಷ್ಟು ಏರುತ್ತದೆಂದು ಹೇಳುವ ಪ್ರೋಗ್ರಾಂ ಅದು. ಮೂವತ್ತು ವರ್ಷದ ಹಿಂದೆ ನಮ್ಮ ಮೇಷ್ಟ್ರು ಬರೆದು, ಯಾರು ಬೇಕಾದರೂ ಬಳಸಿ, ಬಿಚ್ಚಿ ನೋಡಿ, ತಿದ್ದಿ ಎಂದು ಎಲ್ಲರಿಗೂ ಬಿಟ್ಟುಕೊಟ್ಟಿದ್ದರು. ಅವರಿಗೆ ವಯಸ್ಸಾದ ಮೇಲೆ ಅದನ್ನು ಕಟ್ಟಿ ಹಂಚುವ ಕೆಲಸ ನನ್ನ ಹೆಗಲಿಗೆ ಬಂತು. ನಲವತ್ತು ನದಿ ಕಚೇರಿಗಳು ನಾನು ಕಟ್ಟಿದ್ದನ್ನೇ ಇಳಿಸಿಕೊಳ್ಳುತ್ತವೆ. ಅದರಲ್ಲಿ ಅಕ್ಕನ ಕಚೇರಿಯೂ ಒಂದು.

ಗುರುವಾರ ಅಲ್ಲಿ ಪರೀಕ್ಷೆ ಇತ್ತು. ಒಂದು ಕಂಪನಿ ತನ್ನದೇ ಪ್ರೋಗ್ರಾಂ ತಂದು ತೋರಿಸುವುದಾಗಿ ಹೇಳಿತ್ತು. ಅಳತೆ ಬಂದು ಒಂದು ಗಂಟೆಯೊಳಗೆ ಮುನ್ಸೂಚನೆ ಕೊಡದಿದ್ದರೆ ಮೇಷ್ಟ್ರ ಪ್ರೋಗ್ರಾಂ ಮನೆಗೆ ಎಂದು ಅಕ್ಕನ ಕಚೇರಿಯ ಸಾಹೇಬರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಹದಿನಾಲ್ಕು ವರ್ಷದಿಂದ ಅಕ್ಕ ತನ್ನ ಹೊಳೆಯ ಒಂದೊಂದು ತಿರುವನ್ನೂ ಅದಕ್ಕೆ ಕಲಿಸಿದ್ದಾಳೆ. ಕಂಪನಿಯದು ಬಂದರೆ ಒಳಗೆ ಏನಿದೆಯೆಂದು ನೋಡುವ ಹಾಗಿಲ್ಲ, ಅವಳು ಬರೀ ಗುಂಡಿ ಒತ್ತುವವಳಾಗುತ್ತಾಳೆ. ನಾನಿದನ್ನು ಆಗಗೊಡಬಾರದೆಂದು ಹಠ ಹಿಡಿದಿದ್ದೆ.

ಮೇಷ್ಟ್ರು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ದುಭಾಷಿಗೆ ಕಂಪೈಲರ್ ಎನ್ನುತ್ತೇವೆ, ಕಟ್ಟುವುದೆಂದರೆ ಹಾಗೆ ತಿರುಗಿಸುವುದೇ. ಇಷ್ಟು ದಿನ ಎಲ್ಲರ ಬಳಿಯೂ ಇರುವ, ಯಾರ ಸ್ವತ್ತೂ ಅಲ್ಲದ ಹಳೆಯ ಕಂಪೈಲರನ್ನೇ ಬಳಸುತ್ತಿದ್ದೆ. ಈ ಸಲ ಹೆಸರುವಾಸಿಯಾದ ಹೊಸದೊಂದನ್ನು ತಂದೆ. ಅದರಲ್ಲಿ ಬೇಗ ಮಾಡು ಎನ್ನುವ ಒಂದು ಸ್ವಿಚ್ಚಿತ್ತು, ಅದನ್ನೂ ಒತ್ತಿದೆ. ಇಪ್ಪತ್ತೊಂಬತ್ತು ನಿಮಿಷ. ಸ್ವರ್ಗಕ್ಕೆ ಮೂರೇ ಗೇಣು. ಅಕ್ಕನಿಗೆ ಆಗಲೇ ಕಳಿಸಿದೆ.

ಮಂಗಳವಾರ ಮಧ್ಯಾಹ್ನ ಅವಳ ಫೋನು ಬಂತು.

"ಎಷ್ಟು ನಿಮಿಷ ಆಯ್ತು ಹೇಳು ಮೊದ್ಲು," ಎಂದೆ.

"ಮೂವತ್ನಾಲ್ಕು."

"ನೋಡಿದ್ಯಾ ಮತ್ತೆ? ನಿನ್ನ ಆ ಮುದಿ ಕಂಪ್ಯೂಟರಲ್ಲಿ ಮೂವತ್ನಾಲ್ಕು."

"ಬೇಗ ಬಂತು ಕಣೇ, ಇಲ್ಲ ಅನ್ನಲ್ಲ. ಎಲ್ಲಾ ಸೇತುವೆನೂ ಕ್ಷೇಮ ಅಂತ ಬಂದಿದೆ. ನಾನು ಕಿಟಕಿ ಹತ್ರ ನಿಂತಿದೀನಿ. ಕೆಳಗಿನ ಸೇತುವೆ ಮೆಟ್ಟಿಲು ನಾಲ್ಕು ಮುಳುಗಿದೆ."

ನಾನು ಹಾಗೇ ಹಂಚಿಬಿಟ್ಟಿದ್ದರೆ ನಲವತ್ತು ಕಚೇರಿಗಳಲ್ಲೂ ಎಲ್ಲ ಕ್ಷೇಮ ಎಂದೇ ಬರುತ್ತಿತ್ತು.

"ಅಳತೆಯೆಲ್ಲ ಸರಿಯಾಗಿ ಬಂದಿದ್ವಾ?" ಎಂದೆ.

"ಏಳನೇದು ಬಿಟ್ಟು. ಮರದ ದಿಮ್ಮಿ ಬಂದು ಹೊಡೆದು ಮಾಪಕ ಕಿತ್ತುಹೋಗಿದೆ. ಕೆಸರು ಮೆತ್ಕೊಂಡು ನನ್ನ ಮೇಜಿನ ಮೇಲೇ ಮಲಗಿದೆ."

ಬುಧವಾರ ಬೆಳಿಗ್ಗೆ ಮೇಷ್ಟ್ರ ಮನೆಗೆ ಓಡಿದೆ. ಅವರು ಕನ್ನಡಕವನ್ನು ಹಣೆಗೇರಿಸಿ, ಪರದೆಗೆ ಮೂಗು ತಾಗುವಷ್ಟು ಬಗ್ಗಿ ಓದಿದರು.

"ಬರದೇ ಇರೋ ಅಳತೆನ ನಾನು ಹೇಗೆ ಹಿಡೀತೀನಿ, ನೆನಪಿದೆಯೇನಮ್ಮ?"

ನೆನಪಿತ್ತು. ಯಂತ್ರದಲ್ಲಿ ಖಾಲಿ ಅಳತೆಗೆಂದೇ ಒಂದು ವಿಚಿತ್ರ ಸಂಖ್ಯೆ ಇದೆ. ಅದು ಯಾವುದಕ್ಕೂ ಸಮನಲ್ಲ, ತನಗೆ ತಾನೂ ಸಮನಲ್ಲ. ಅದಕ್ಕೇ ಮೇಷ್ಟ್ರ ಪ್ರೋಗ್ರಾಂ ಬಂದ ಪ್ರತಿ ಅಳತೆಯನ್ನೂ ನೀನು ನಿನಗೆ ಸಮನೇ ಎಂದು ಕೇಳುತ್ತದೆ. ಅಲ್ಲ ಎಂದು ಬಂದರೆ ಅದನ್ನು ಪಕ್ಕಕ್ಕಿಟ್ಟು ಮುಂದೆ ಹೋಗುತ್ತದೆ.

"ನಿನ್ನ ಬೇಗದ ಸ್ವಿಚ್ಚು ಏನು ಮಾಡಿದೆ ಗೊತ್ತಾ? ಎಲ್ಲಾನೂ ತನಗೆ ತಾನು ಸಮಾನೇ ಅಲ್ವಾ, ಇದೇನು ದಡ್ಡ ಪ್ರಶ್ನೆ ಅಂತ ಕಿತ್ತೆಸೆದಿದೆ. ಖಾಲಿ ಅಳತೆ ಒಳಗೆ ನುಗ್ಗಿ ಲೆಕ್ಕಕ್ಕೆಲ್ಲ ಹರಡಿದೆ. ಅಪಾಯದ ಗೆರೆ ದಾಟಿದೆಯಾ ಅಂತ ಕೇಳಿದ್ರೆ ಅದು ಯಾವತ್ತೂ ಇಲ್ಲ ಅಂತಾನೇ ಹೇಳೋದು."

"ನಾನು ಪರೀಕ್ಷೆ ಮಾಡಿದೆನಲ್ಲ ಮೇಷ್ಟ್ರೇ, ಆವಾಗ ಯಾಕೆ ಗೊತ್ತಾಗ್ಲಿಲ್ಲ?"

"ಯಾವ ಅಳತೆ ಹಾಕಿ ಮಾಡಿದೆ?"

ತಲೆ ಚಚ್ಚಿಕೊಳ್ಳಬೇಕೆನಿಸಿತು. ಪರೀಕ್ಷೆಯ ಅಳತೆಗಳಲ್ಲಿದ್ದ ಖಾಲಿ ಜಾಗಗಳನ್ನೆಲ್ಲ, ನೋಡಲು ಚೆನ್ನಾಗಿರಲೆಂದು, ನಾನೇ ಹಿಂದಿನ ತಿಂಗಳು ತುಂಬಿ ಒಪ್ಪ ಮಾಡಿದ್ದೆ.

ಆ ಸ್ವಿಚ್ಚು ಆಫ್ ಮಾಡಿ ನೋಡಿದರೆ ಹೊಸ ಕಂಪೈಲರಿನ ಬಂಡವಾಳ ಬಯಲಾಯಿತು, ಹಳೆಯದಕ್ಕೂ ಅದಕ್ಕೂ ಐದೇ ನಿಮಿಷದ ವ್ಯತ್ಯಾಸ. ಆಗ ನನಗೆ ಹೊಳೆಯಿತು. ಪ್ರಶ್ನೆ ಕೇಳುವುದು ಒಂದೇ ಫೈಲು. ಅದನ್ನು ದಾಟಿ ಒಳಗೆ ಹೋಗುವ ಸಂಖ್ಯೆಗಳೆಲ್ಲ ಒಳ್ಳೆಯವೇ. ಅಲ್ಲಿ ಅವಸರ ಮಾಡಿದರೆ ತಪ್ಪೇನಿಲ್ಲ. ಆ ಒಂದು ಫೈಲಿಗೆ ನಿಧಾನ, ನೀರಿನ ಲೆಕ್ಕದ ಫೈಲುಗಳಿಗೆ ಬೇಗ. ಇಷ್ಟನ್ನು ನಮ್ಮ ಹಳೆಯ ಕಂಪೈಲರೇ ಮಾಡಬಲ್ಲದು, ಅಂಥ ಸ್ವಿಚ್ಚು ಅದರಲ್ಲೂ ಇದೆ. ನನ್ನ ಬೆರಳುಗಳು ಕೀಲಿಮಣೆಯ ಮೇಲೆ ನಿಲ್ಲುತ್ತಿರಲಿಲ್ಲ. ಮೇಷ್ಟ್ರು ಪಕ್ಕದಲ್ಲಿ ಕೂತು, "ನಿಧಾನ, ನಿಧಾನ," ಎನ್ನುತ್ತಲೇ ತಾವೂ ಕುರ್ಚಿಯ ತುದಿಗೆ ಬಂದಿದ್ದರು.

ಸಂಜೆ ಅಕ್ಕನಿಗೆ ಫೋನು ಮಾಡಿದೆ. "ಕಟ್ಟಿದ್ದು ಕಳಿಸ್ಲಾ?"

"ಬೇಡ. ಆ ಕಂಪೈಲರ್ ನನ್ನ ಹತ್ರಾನೂ ಇದೆ. ಯಾವ ಫೈಲಿಗೆ ಬೇಗ, ಯಾವುದಕ್ಕೆ ನಿಧಾನ ಅಂತ ನೀನು ಬರೆದಿದ್ದು ಕಳಿಸು, ನನ್ನ ಯಂತ್ರಕ್ಕೆ ಒಪ್ಪೋ ಹಾಗೆ ಇಲ್ಲೇ ನಾನೇ ಕಟ್ಕೋತೀನಿ."

ಗುರುವಾರ ಹತ್ತು ಗಂಟೆಗೆ ನಾನೂ ಅಲ್ಲಿದ್ದೆ. ಎರಡು ಪ್ರೋಗ್ರಾಮಿಗೂ ಒಂದೇ ಅಳತೆ, ಏಳನೆಯದು ಖಾಲಿ. ಹದಿನೆಂಟೇ ನಿಮಿಷಕ್ಕೆ ಕಂಪನಿಯವರ ವರದಿ ಬಂತು, ಬಣ್ಣಬಣ್ಣದ ನಕ್ಷೆಯ ಸಮೇತ. ಕಂಪನಿಯವನು ಕಾಲ ಮೇಲೆ ಕಾಲು ಹಾಕಿ ಕೂತ. ನಮ್ಮದು ಮೂವತ್ತಾಯಿತು, ನಲವತ್ತಾಯಿತು. ಐವತ್ತಕ್ಕೆ ಅಕ್ಕ ನನ್ನ ಮಣಿಕಟ್ಟು ಹಿಡಿದಳು. ಐವತ್ತಮೂರನೇ ನಿಮಿಷಕ್ಕೆ ನಮ್ಮ ವರದಿ ಮುದ್ರಣವಾಗಿ ಹೊರಬಂತು.

ಸಾಹೇಬರು ಎರಡು ಹಾಳೆಗಳನ್ನೂ ಅಕ್ಕನ ಮೇಜಿನ ಮೇಲೆ ಹರಡಿ ಬೆರಳಿಟ್ಟು ಓದಿದರು. ಎರಡೂ ಕೆಳಗಿನ ಸೇತುವೆಗೆ ಅಪಾಯ ಎಂದೇ ಹೇಳಿದ್ದವು. ಕಂಪನಿಯದು ಅರ್ಧ ಗಂಟೆಗೂ ಹೆಚ್ಚು ಮುಂಚೆಯೇ ಹೇಳಿತ್ತು. ನಾವು ಸೋತೆವೆಂದುಕೊಂಡೆ. ಅಷ್ಟರಲ್ಲಿ ಅವರ ಬೆರಳು ಒಂದು ಸಾಲಿನ ಮೇಲೆ ನಿಂತಿತು.

"ಏಳನೇ ಮಾಪಕ, ಮೂರು ಮೀಟರ್ ನಲವತ್ತು. ಎಲ್ಲಿಂದ ಬಂತ್ರೀ ಇದು?" ಎಂದು ಕಂಪನಿಯವನನ್ನು ಕೇಳಿದರು.

"ಮಾಪಕ ಕಳಿಸಿರುತ್ತೆ ಸರ್."

ಸಾಹೇಬರು ಮೇಜಿನ ಮೂಲೆಯಲ್ಲಿ ಮಲಗಿದ್ದ ಕೆಸರು ಮೆತ್ತಿದ ಉಪಕರಣವನ್ನು ಎರಡೂ ಕೈಯಲ್ಲಿ ಎತ್ತಿ ಅವನ ಮುಂದಿಟ್ಟರು. "ಇಲ್ಲಿ ಮಲ್ಕೊಂಡೇ ಕಳಿಸ್ತಾ?"

ಅವನು ಕಾಲು ಇಳಿಸಿದ. "ಅಳತೆ ಬರದಿದ್ರೆ ಕೊನೇ ಸಲ ಬಂದಿದ್ದೇ ತಗೊಳ್ಳುತ್ತೋ ಏನೋ ಸರ್."

"ಹಾಗಂತ ಹಾಳೇಲಿ ಎಲ್ಲಿ ಬರೆದಿದೆ? ಒಳಗೆ ಬಿಚ್ಚಿ ತೋರಿಸಿ."

"ಅದು ಆಗಲ್ಲ ಸರ್. ನಮಗೂ ಕೊಟ್ಟಿಲ್ಲ."

ನಮ್ಮ ಹಾಳೆಯಲ್ಲಿ ಆ ಸಾಲಿಗೆ ಅಳತೆ ಬಂದಿಲ್ಲ ಎಂದಷ್ಟೇ ಇತ್ತು. ಸಾಹೇಬರು ಅದನ್ನು ಎರಡು ಸಲ ಓದಿದರು. ನಮ್ಮ ಹಾಳೆಯ ಮೇಲೆ ರುಜು ಹಾಕಿ, ಅಕ್ಕನ ಕಡೆ ತಳ್ಳಿ, ಕೆಳಗಿನ ಸೇತುವೆ ಮುಚ್ಚಿಸಲು ಫೋನು ಎತ್ತಿಕೊಂಡರು. "ಇನ್ನು ಮುಂದೂ ಇದೇ ಇರ್ಲಿ," ಎಂದು ನಂಬರು ಒತ್ತುತ್ತಲೇ ಹೇಳಿದರು.

ನನಗೆ ಕುಣಿಯಬೇಕೆನಿಸಿತು. ಅಕ್ಕ ತೋಳು ಹಿಡಿದು ಕೂರಿಸಿದಳು. ಅವಳ ಕಣ್ಣು ತುಂಬಿತ್ತು.

"ನಲವತ್ತು ಕಚೇರಿಗೂ ಇವತ್ತೇ ಹಂಚ್ಬಿಡ್ಲಾ?" ಎಂದು ಪಿಸುಗುಟ್ಟಿದೆ.

"ಗಡಿಬಿಡಿ, ಮೊದ್ಲು ನನ್ನ ಹೊಳೆ ಅಳತೆ ಹಾಕಿ ಪರೀಕ್ಷೆ ಮಾಡು," ಎಂದಳು. "ಖಾಲಿ ಇರೋದನ್ನ ಖಾಲೀನೇ ಬಿಟ್ಟು."