ಹುಚ್ಚವ್ವ ಒಗೆಯದೆ ಇಟ್ಟ ಬಟ್ಟೆ

ಕರೆವ್ವ ತಾಯಿಯ ಮೈಗೆ ಮೂರನೆಯ ತಂಬಿಗೆ ನೀರು ಹಾಕುತ್ತಿದ್ದಾಗ ಕೆರೆಯ ಕಡೆಯಿಂದ ಮತ್ತೆ ಆ ಸದ್ದು ಬಂತು. ಧಪ್. ತುಸು ತಡೆದು ಇನ್ನೊಂದು, ಧಪ್. ಒದ್ದೆ ಬಟ್ಟೆಯನ್ನು ಎತ್ತಿ ಕಲ್ಲಿಗೆ ಬಡಿಯುವ ಸದ್ದು. ಕರೆವ್ವನ ಕೈ ಅಲ್ಲೇ ನಿಂತಿತು. ಹೆಣದ ತಲೆ ಹಿಡಿದು ಕುಳಿತಿದ್ದ ನೆರೆಮನೆಯ ಹಾಜರಾಬಿ ಕಣ್ಣೆತ್ತಲಿಲ್ಲ.

“ನೀರು ಹಾಕವ್ವಾ. ನಸುಕಿನಿಂದ ಕೇಳಾಕತ್ತೇನಿ. ನೋಡಾಕ ಹೋದವರು ಹೇಳಿದ್ರು, ಕಲ್ಲು ಹಸಿ ಐತಂತ, ಮನಶ್ಯಾರು ಇಲ್ಲಂತ.”

ಹುಚ್ಚವ್ವನ ಬಲಗೈ ಬೆರಳುಗಳು ಬಟ್ಟೆಯ ಅಂಚು ಹಿಡಿದಂತೆ ಮಡಚಿಕೊಂಡಿದ್ದವು. ಬಿಡಿಸಲು ನೋಡಿ, ಸೋತು, ಹಾಗೆಯೇ ಬಿಟ್ಟರು.

ಹೊರಗೆ ಚಟ್ಟ ಕಟ್ಟಿಯಾಗಿತ್ತು. ಮಡಿ ಹಾಸುವವರು ಮಾತ್ರ ಇರಲಿಲ್ಲ. ಆ ಊರಲ್ಲಿ ಯಾರ ಹೆಣ ಹೊರಟರೂ ಮಣ್ಣು ಸೇರುವ ತನಕ ಅಗಸರು ಮುಂದೆ ಒಗೆದ ಬಟ್ಟೆ ಹಾಸುತ್ತ ಹೋಗಬೇಕು, ಹೊತ್ತವರು ಅದರ ಮೇಲೆ ನಡೆಯಬೇಕು. ಇಲ್ಲದಿದ್ದರೆ ಸತ್ತವರು ಹಾದಿ ತಪ್ಪಿ ತಿರುಗುತ್ತಾರೆಂದು ನಂಬಿಕೆ. ನಲವತ್ತು ವರ್ಷ ಊರಿಗೆಲ್ಲ ಹಾಸಿದವಳು ಹುಚ್ಚವ್ವ. ಸತ್ತವರ ಮನೆಯವರು ತಾವೇ ಹಾಸುವಂತಿಲ್ಲ. ಊರಲ್ಲಿ ಉಳಿದ ಅಗಸರೆಂದರೆ ಬೇರೆ ಮನೆ ಮಾಡಿದ್ದ ಅವಳ ಮೈದುನ ಉಡಚಪ್ಪನೊಬ್ಬನೇ. ಅವನು ಬಗಲಲ್ಲಿ ಮಡಿಯ ಗಂಟು ಹಿಡಿದು ಬಾಗಿಲಾಚೆ ನಿಂತಿದ್ದ, ಗಂಟು ಬಿಚ್ಚಿರಲಿಲ್ಲ. ಗೌಡರು ನಡೆಸುವ ಕಾಲೇಜಿನ ಬಟ್ಟೆಯೆಲ್ಲ ಈಗ ಅವನ ಮನೆಗೇ ಬರುತ್ತಿತ್ತು.

“ಗೌಡ್ರು ಬರಾಕತ್ತಾರ, ಮಗಳ,” ಎಂದ. “ಅವರು ಹೇಳಿದಂಗ ಕೇಳು. ನನಗೂ ಹೊಟ್ಟಿ ಐತಿ.”

*

ಒಂಬತ್ತು ವರ್ಷದ ಹಿಂದೆ, ಐವತ್ತಾರನೆಯ ಇಸವಿಯಲ್ಲಿ, ಕಾಲೇಜಿನ ಹುಡುಗರು ಧಾರವಾಡದಿಂದ ಕುಸ್ತಿಯ ಗದೆ ಗೆದ್ದು ತಂದಿದ್ದರು. ಹಿರೇಕೆರೂರಿನ ತನಕ ಅವರಿಗೆ ಕುಸ್ತಿ ಕಲಿಸಿದ ವಸ್ತಾದನ ಹೆಸರು ಹಬ್ಬಿತ್ತು. ಕಾಲೇಜಿನ ಗರಡಿಯ ಬಟ್ಟೆ ಒಗೆಯುವವಳು ಹುಚ್ಚವ್ವ. ಅದೇ ವಾರ ಗಂಟಿನೊಳಗಿಂದ ಒಂದು ಲಂಗೋಟಿ ಎತ್ತಿದವಳು ರಕ್ತದ ಕಲೆಯನ್ನು ಬಹಳ ಹೊತ್ತು ನೋಡಿದಳು. ಅದನ್ನು ನೀರಿಗಿಳಿಸದೆ ಮಡಚಿ, ಗಡಿಗೆಯಲ್ಲಿಟ್ಟು ಬಾಯಿ ಕಟ್ಟಿದಳು.

ಮರುದಿನ ಕಾಲೇಜಿನ ಅಧ್ಯಕ್ಷ ಕರಬಸಪ್ಪಗೌಡರ ಮೆಟ್ಟಿಲ ಕೆಳಗೆ ಕುಳಿತು ಹೇಳಿದಳು. ಎಣ್ಣೆ ತಿಕ್ಕುವ ನೆಪದಲ್ಲಿ ವಸ್ತಾದ ಸಂಜೆಗೆ ಒಬ್ಬೊಬ್ಬ ಹುಡುಗನನ್ನು ಒಳಗೆ ಉಳಿಸಿಕೊಳ್ಳುತ್ತಾನೆ, ಅವನನ್ನು ಹೊರಗೆ ಹಾಕಿರಿ ಎಂದಳು. ಗೌಡರು ಹುಡುಗನ ಹೆಸರು ಕೇಳಿದರು. ಬಟ್ಟೆ ತೋರಿಸು, ಗುರುತು ನೋಡುತ್ತೇನೆ ಎಂದರು. ಅಗಸರು ಪ್ರತಿ ಬಟ್ಟೆಯ ಮೂಲೆಗೂ ಕೇರುಬೀಜದ ಕಪ್ಪಿನಿಂದ ಮನೆಗೊಂದು ಗುರುತು ಹಾಕುವುದು ಎಲ್ಲರಿಗೂ ಗೊತ್ತಿತ್ತು.

“ಆ ಹುಡುಗ ಬಾಯಿ ಬಿಟ್ಟಿಲ್ಲರಿ,” ಎಂದಿದ್ದಳು ಹುಚ್ಚವ್ವ. “ಅವನ ಹೆಸರು ನಾ ಹೆಂಗ ಹೇಳ್ಲಿ?”

ಸಂಸ್ಥೆಯ ಹೆಸರು ಕೆಡಿಸಲು ಬಂದವಳೆಂದು ಗೌಡರು ಅವಳನ್ನು ಎಬ್ಬಿಸಿ ಕಳಿಸಿದರು. ಮೊದಲು ಗರಡಿಯ ಬಟ್ಟೆ ನಿಂತಿತು, ಆಮೇಲೆ ಊರಿನದು. ಅಂದಿನಿಂದ ಹುಚ್ಚವ್ವ ದಿನಾ ಇಳಿಹೊತ್ತಿಗೆ ಕೆರೆದಂಡೆಯಲ್ಲಿ ಗರಡಿಯ ಹಿಂದಿದ್ದ ಕಲ್ಲಿಗೆ ಹೋಗುತ್ತಿದ್ದಳು. ಒಗೆಯಲು ಏನೂ ಇಲ್ಲದಿದ್ದರೂ ತನ್ನ ಹಳೆಯ ಕಂಬಳಿಯನ್ನೇ ನೆನೆಸಿ, ಕೊನೆಯ ಹುಡುಗ ಹೊರಬರುವ ತನಕ ಬಡಿಯುತ್ತಿದ್ದಳು. ಗೋಡೆಯಾಚೆ ಒಬ್ಬರಿದ್ದಾರೆಂದು ಒಳಗಿದ್ದವನಿಗೆ ಕೇಳಬೇಕಲ್ಲ. ಮೂರು ವರ್ಷಕ್ಕೆ ವಸ್ತಾದ, ಆ ಸದ್ದಿಗೆ ನಿದ್ದೆ ಬರುವುದಿಲ್ಲವೆಂದು ಊರು ಬಿಟ್ಟ. ಹುಚ್ಚವ್ವ ಬಡಿಯುವುದನ್ನು ಬಿಡಲಿಲ್ಲ.

*

ಗೌಡರು ಅಂಗಳಕ್ಕೆ ಬಂದರು. ಹಿಂದೆ ಮಗ ಗುದ್ಲೆಪ್ಪ. ಆ ವರ್ಷ ಗದೆಯನ್ನು ಹೆಗಲ ಮೇಲಿಟ್ಟು ಊರಲ್ಲಿ ಮೆರೆದವನು ಅವನೇ. ಆಮೇಲೆ ಗರಡಿ ತುಳಿಯಲಿಲ್ಲ. ಈಜಲು ಕೆರೆಗಿಳಿದದ್ದನ್ನೂ ಯಾರೂ ಕಂಡಿರಲಿಲ್ಲ.

ಬರುವ ತಿಂಗಳು ಗರಡಿಗೆ ವಸ್ತಾದನ ಹೆಸರಿಡುವುದಿತ್ತು. ಗೌಡರು ಸುತ್ತಿ ಬಳಸಿ ಮಾತಾಡಲಿಲ್ಲ. “ಆ ಬಟ್ಟಿ ಕೊಡು. ಇಲ್ಲೇ ಸುಟ್ಟು ಮುಗಸೂಣು. ಉಡಚಪ್ಪ ಮಡಿ ಹಾಸ್ತಾನ.”

ಕರೆವ್ವ ಒಳಗೆ ಹೋದಳು. ಅವ್ವ ಹಾದಿ ತಪ್ಪಬಾರದು, ಅಷ್ಟೇ ಅವಳ ತಲೆಯಲ್ಲಿದ್ದದ್ದು. ಅಟ್ಟದ ಗಡಿಗೆ ಇಳಿಸಿ, ಒಂಬತ್ತು ವರ್ಷ ತಾಯಿ ಮುಟ್ಟಗೊಡದಿದ್ದ ಗಂಟು ಬಿಚ್ಚಿದಳು. ಕಲೆ ಒಣಗಿ ಕಪ್ಪಾಗಿತ್ತು. ಮೂಲೆಯಲ್ಲಿ ಎರಡು ಚುಕ್ಕಿ, ಕೆಳಗೊಂದು ಕೊಕ್ಕೆ. ಆ ಗುರುತನ್ನು ಸಣ್ಣವಳಿದ್ದಾಗ ತನ್ನ ಕೈಯಿಂದಲೇ ನೂರಾರು ಸಲ ಬರೆದಿದ್ದಳು, ಗೌಡರ ಮನೆಯ ಧೋತರಗಳ ಮೇಲೆ.

ಬಾಗಿಲ ಸಂದಿಯಿಂದ ನೋಡಿದಳು. ಕೆರೆಯ ಕಡೆ ಧಪ್ ಎಂದಾಗಲೆಲ್ಲ ಗುದ್ಲೆಪ್ಪನ ಹೆಗಲು ಸಣ್ಣಗೆ ಅದುರುತ್ತಿತ್ತು.

ಬಟ್ಟೆಯನ್ನು ಮಡಚಿ ಸೆರಗಿನೊಳಗಿಟ್ಟುಕೊಂಡು ಹೊರಬಂದಳು. “ಅದು ನನ್ನದಲ್ಲರಿ ಗೌಡ್ರ. ಬಟ್ಟಿ ಯಾರದೋ ಅವರ ಕೈಗೇ ಕೊಡೂದು ನಮ್ಮ ಕಸಬು.”

“ಮಡಿ ಇಲ್ಲದ ಕಳಸ್ತೀ ಏನು ನಿಮ್ಮವ್ವನ್ನ?”

ಕರೆವ್ವ ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡಳು. “ಕಳಸ್ತೇನ್ರಿ,” ಎಂದಳು.

*

ಚಟ್ಟಕ್ಕೆ ಹೆಗಲು ಕೊಟ್ಟವರು ಹಾಜರಾಬಿಯ ಇಬ್ಬರು ಮಕ್ಕಳು, ಮತ್ತೆ ಯಾರೂ ಕರೆಯದೆ ಬಂದಿದ್ದ ಗರಡಿಯ ಇಬ್ಬರು ಹಳೆಯ ಹುಡುಗರು. ಅವರು ಯಾಕೆ ಬಂದರೆಂದು ಯಾರೂ ಕೇಳಲಿಲ್ಲ. ನಡು ಮಧ್ಯಾಹ್ನ, ಎಲೆ ಅಲುಗುತ್ತಿರಲಿಲ್ಲ. ಬರಿ ಮಣ್ಣಿನ ಹಾದಿಯಲ್ಲಿ ಹೆಜ್ಜೆಗೊಮ್ಮೆ ಧಪ್ ಎನ್ನುತ್ತಿತ್ತು. ಇವರು ನಿಂತರೆ ಅದೂ ನಿಲ್ಲುತ್ತಿತ್ತು. ಗೌಡರ ಮನೆಯ ಮುಂದೆ ಬಂದಾಗ ಹೊತ್ತವರ ಕಾಲುಗಳು ತಾವಾಗಿ ನಿಂತವು. ಹೆಣ ಒಮ್ಮೆಲೇ ಭಾರವಾಯಿತೆಂದು ಆಮೇಲೆ ನಾಲ್ವರೂ ಹೇಳಿದರು. ಈ ಸಲ ಇವರು ನಿಂತರೂ ಸದ್ದು ನಿಲ್ಲಲಿಲ್ಲ.

ಗೌಡರು ಆಗಲೇ ಬಂದು ಮೇಲಿನ ಮೆಟ್ಟಿಲಲ್ಲಿ ನಿಂತಿದ್ದರು. ಅವರ ಬದಿಯಿಂದ ಗುದ್ಲೆಪ್ಪ ಇಳಿದು ಬಂದ. ತೋಳ ತುಂಬ ಬಿಳಿ ಧೋತರಗಳು, ಈಗಷ್ಟೇ ಹಗ್ಗದಿಂದ ಎಳೆದು ತಂದವು. ಮೊದಲನೆಯದನ್ನು ಮೆಟ್ಟಿಲ ಬುಡದಿಂದಲೇ ಬಿಡಿಸಿ ಹಾಸಿದ.

“ಏನ್ ಮಾಡಾಕತ್ತೀ?” ಎಂದರು ಗೌಡರು. “ಅದು ಅಗಸರ ಕೆಲಸ.”

ಅವನು ಎರಡನೆಯದನ್ನು ಹಾಸಿದ. ಹೊತ್ತವರು ಹೆಜ್ಜೆ ಎತ್ತಿದರು. ಚಟ್ಟದ ಹಿಂದೆ ದೂರದಲ್ಲಿ ಬರುತ್ತಿದ್ದ ಉಡಚಪ್ಪ ಬಗಲಿನ ಗಂಟನ್ನು ಕೆಳಗಿಟ್ಟು, ಯಾರ ಮುಖವನ್ನೂ ನೋಡದೆ, ಬಿಚ್ಚತೊಡಗಿದ.

ಗುದ್ಲೆಪ್ಪ ಕರೆವ್ವನ ಮುಂದೆ ನಿಂತು ಕೈ ಚಾಚಿದ.

“ನಂದು ಕೊಡವ್ವಾ.”

ಕೊಟ್ಟಳು. ಅವನು ಅದನ್ನು ಬಿಸಿಲಿಗೆ ಪೂರ್ತಿ ಬಿಡಿಸಿ, ಎಲ್ಲರಿಗೂ ಕಾಣುವಂತೆ ಹೆಗಲ ಮೇಲೆ ಹಾಕಿಕೊಂಡ, ಹಿಂದೊಮ್ಮೆ ಗದೆ ಹೊತ್ತ ಹೆಗಲ ಮೇಲೆ. ಹೋಗಿ ಚಟ್ಟದ ಮುಂದೆ ನಡೆದ.

ಕೆರೆಯ ಕಡೆ ಈಗ ಸದ್ದಿರಲಿಲ್ಲ. ಕರೆವ್ವ ಒಮ್ಮೆ ಹಿಂತಿರುಗಿ ನೋಡಿದಳು. ಮೆಟ್ಟಿಲ ಬುಡದಲ್ಲಿ ಬಿಳಿ ಧೋತರದ ಮೂಲೆ, ಮೂಲೆಯಲ್ಲಿ ಎರಡು ಚುಕ್ಕಿ, ಒಂದು ಕೊಕ್ಕೆ. ಮಗನ ಹಿಂದೆ ಕೊನೆಯ ಮೆಟ್ಟಿಲ ತನಕ ಇಳಿದಿದ್ದ ಗೌಡರ ಎತ್ತಿದ ಕಾಲು, ಅದರ ಮೇಲೆ ಊರಲಾರದೆ, ಗಾಳಿಯಲ್ಲೇ ನಿಂತಿತ್ತು.