ಐದನೆಯ ಲೋಟ

ಬಸ್ಸಿನ ಕಾರಣಕ್ಕೇ ಇರಬಹುದು. ಪೆಡಲು ತುಳಿಯುತ್ತ ಜಯಂತ ಮತ್ತೊಮ್ಮೆ ಅದನ್ನೇ ಅಂದುಕೊಂಡ. ಸಂಕ್ರಾಂತಿಗೆ ಗೆಳೆಯ ಚಂದ್ರಶೇಖರನ ಮನೆಗೆ ತಾನು ಬಸ್ಸಿನಲ್ಲಿ ಹೋಗಿದ್ದು ನಿಜ, ಬಸ್ಸು ತುಂಬಿದ್ದೂ ನಿಜ. ಮಗುವಿರುವ ಮನೆಯವರು ಹೆದರಿದರೆ ತಪ್ಪೇ? ತನಗೊಬ್ಬನಿಗೆ ಕಾಗದದ ಲೋಟದಲ್ಲಿ ಕಾಫಿ ಕೊಟ್ಟದ್ದಕ್ಕೆ ಇಷ್ಟೆಲ್ಲ ಅರ್ಥ ಹಚ್ಚಬೇಕೆ? ಊರಲ್ಲಾಗಿದ್ದರೆ ಹೀಗೆ ತಲೆ ಕೆಡಿಸಿಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಅಲ್ಲಿ ಲೋಟ ಬೇರೆ ಬಂತೆಂದರೆ ಯಾಕೆ ಬಂತೆಂದು ಎಲ್ಲರಿಗೂ ಗೊತ್ತು. ಇಲ್ಲಿ ಕೊರೊನಾ ಇತ್ತು. ಯಾವುದಕ್ಕೆ ಬೇಕಾದರೂ ಕೊರೊನಾ ಅನ್ನಬಹುದಿತ್ತು.

ತಾನಿರುವ ಕಾತ್ಸುರಾದಿಂದ ಅವರಿರುವ ಶುಗಾಕುಯಿನ್ ಅಂದರೆ ಕ್ಯೋಟೋದ ಈ ತುದಿಯಿಂದ ಆ ತುದಿ. ಕಾಮೋ ನದಿಯ ಮೇಲಿಂದ ಬರುತ್ತಿದ್ದ ಮಾರ್ಚಿನ ಗಾಳಿ ಮಾಸ್ಕಿನೊಳಗಿನ ಉಸಿರನ್ನೂ ತಣ್ಣಗಾಗಿಸುತ್ತಿತ್ತು. ಈ ಸಲ ಬಸ್ಸು ಬೇಡವೆಂದು ಅವನೇ ನಿರ್ಧರಿಸಿದ್ದ. ಒಂದು ಕಾರಣವನ್ನು ತೆಗೆದುಬಿಟ್ಟರೆ ಉಳಿಯುವುದೇನೆಂದು ನೋಡಬೇಕಿತ್ತು. ಲ್ಯಾಬಿನಲ್ಲಿ ದಿನವೂ ಅವನು ಮಾಡುವುದು ಅದನ್ನೇ.

ಚಂದ್ರಶೇಖರನ ಮನೆಯವರು ಕಾಫಿ ಕುಡಿಯುವ ಮಣ್ಣಿನ ಲೋಟಗಳನ್ನು ದಸರೆಯಲ್ಲಿ ಕೊಟ್ಟವನು ಅವನೇ. ಐದು. ಜಪಾನಿನಲ್ಲಿ ಇಂಥವನ್ನು ಐದೈದಾಗಿಯೇ ಕೊಡುವ ರೂಢಿ. ಅದಕ್ಕೂ ಮೊದಲು, ಕೊರೊನಾದಿಂದ ಲ್ಯಾಬ್ ಬಾಗಿಲು ಹಾಕಿಕೊಂಡು ಮಾತಾಡಲು ಯಾರೂ ಇಲ್ಲದಾಗ, ಅವನು ಶಿಗರಾಕಿ ಎಂಬ ಕುಂಬಾರಿಕೆಯ ಊರಿನ ಒಕುದಾ-ಸಾನ್ ಎಂಬ ವಯಸ್ಸಾದ ಕುಂಬಾರ್ತಿಯ ಹತ್ತಿರ ಹೋಗತೊಡಗಿದ್ದ. ಅವರ ಬಳಿ ಕಲಿಯಲು ಬರುವವರು ನಿಂತುಹೋಗಿದ್ದರು. ಮಣ್ಣು ನಾದಿಕೊಟ್ಟದ್ದಕ್ಕೆ ಪ್ರತಿಯಾಗಿ ಒಂದು ತಿಗರಿ ಅವನ ಪಾಲಿಗೆ ಬಂತು, ಅದರಲ್ಲೇ ಈ ಐದನ್ನೂ ಮಾಡಿದ. ಮೇಲೆ ಹೊಳಪಿನ ಲೇಪವಿಲ್ಲದೆ ಬರೀ ಬೆಂಕಿಯಲ್ಲಿ ಬೆಂದ ಲೋಟಗಳು. ಉರಿ ತಾಗಿದ ಕಡೆ ಕೆಂಪು, ಬೂದಿ ಬಿದ್ದ ಕಡೆ ತೆಳು ಹಸಿರು. "ಇವು ಕುಡಿಯುತ್ತವೆ," ಅಂದಿದ್ದರು ಒಕುದಾ-ಸಾನ್. ಬಳಸಿದಷ್ಟೂ ಬಣ್ಣ ಏರುತ್ತದೆ, ತುಟಿ ತಾಗುವ ಅಂಚು ನುಣುಪಾಗುತ್ತದೆ. ಒಣಗಿಸಿಟ್ಟದ್ದನ್ನು ಮಾತ್ರ ನೀರಲ್ಲಿ ನೆನೆಸಿಯೇ ಬಳಸಬೇಕು, ಇಲ್ಲದಿದ್ದರೆ ಕಲೆ ಹಿಡಿದುಬಿಡುತ್ತದೆ. ಈ ಮಾತನ್ನೆಲ್ಲ ಚಂದ್ರಶೇಖರನ ಹೆಂಡತಿ ವಿಶಾಲಾಕ್ಷಿಗೆ ಒಪ್ಪಿಸಿದ್ದ ಜಯಂತ, ಲೋಟ ಎಲ್ಲಿಯದೆಂದು ಕೇಳಿದಾಗ ನಾಚಿಕೆಯಿಂದ "ಶಿಗರಾಕಿದು" ಅಂದು ಸುಮ್ಮನಾಗಿದ್ದ.

ಅವತ್ತು ಚಂದ್ರಶೇಖರ, ವಿಶಾಲಾಕ್ಷಿ, ಅವರ ಮಗಳು ಹರ್ಷಿಣಿ, ಪಕ್ಕದ ಬೀದಿಯ ಶ್ರೀಕಂಠ, ಜಯಂತ, ಎಲ್ಲರೂ ಅವುಗಳಲ್ಲೇ ಕುಡಿದಿದ್ದರು. ಮೈಸೂರಿನಿಂದ ವಿಡಿಯೊದಲ್ಲಿ ಬಂದ ವಿಶಾಲಾಕ್ಷಿಯ ತಾಯಿ ರತ್ನಾ ಲೋಟ ನೋಡಿ ನಕ್ಕಿದ್ದರು.

"ಅಯ್ಯೋ, ಮಣ್ಣಿಂದಾ? ಒಂದ್ಸಲ ಕುಡಿದು ಎಸೀಬೇಕು ಕಣೇ. ಎಂಜಲು ಹೀರ್ಕೊಂಡ್ಬಿಡತ್ತೆ, ಎಷ್ಟ್ ತೊಳೆದ್ರೂ ಹೋಗಲ್ಲ." ಆಮೇಲೆ ಜಯಂತನ ಕಡೆ ತಿರುಗಿ, "ಅಂದಹಾಗೆ ನೀವು ಯಾವ ಕಡೆಯೋರಪ್ಪಾ?"

"ಚಾಮರಾಜನಗರದ ಕಡೆ ಅಮ್ಮಾ."

"ಅಲ್ಲಿ ಅಂದ್ರೆ... ಯಾರ ಪೈಕಿ?"

"ಊರಾಚೆ ಕೇರಿಯೋರು."

"ಓ. ಹಾಗಾ. ವಿಶಾಲೂ, ನೆಟ್‌ವರ್ಕ್ ಯಾಕೋ ಕಟ್ ಕಟ್ ಆಗ್ತಿದೆ ನೋಡು."

ನೆಟ್‌ವರ್ಕ್ ಚೆನ್ನಾಗಿಯೇ ಇತ್ತು. ಸಂಕ್ರಾಂತಿಗೆ ಹೋದಾಗ ಅವನೊಬ್ಬನಿಗೆ ಕಾಗದದ ಲೋಟ ಬಂತು. "ತಪ್ಪು ತಿಳ್ಕೋಬೇಡ ಗುರು. ನೀನು ಬಸ್ಸಲ್ಲಿ ಬರ್ತೀಯ, ಶ್ರೀಕಂಠ ಸೈಕಲ್ ಅಲ್ವಾ," ಅಂದಿದ್ದ ಚಂದ್ರಶೇಖರ. ಈ ಲೋಟಗಳನ್ನು ಮಾಡಿದವನು ನಾನೇ ಎಂದು ಆಗಲೇ ಹೇಳಿಬಿಡಬಹುದಿತ್ತು. ಎಲ್ಲರೂ ಓಹೋ ಎನ್ನುತ್ತಿದ್ದರು, ಲೋಟ ತಾನಾಗಿ ಬರುತ್ತಿತ್ತು. ಆದರೆ ಮಾಡಿದವನೆಂದು ಕೊಡುವ ಲೋಟ ಅವನಿಗೆ ಬೇಕಿರಲಿಲ್ಲ. ಮನೆಗೆ ಬಂದವನೆಂದು ಕೊಡಬೇಕಿತ್ತು.

ಬಾಗಿಲು ತೆರೆದ ಹರ್ಷಿಣಿ ಹೆಲ್ಮೆಟ್ ಕಂಡು ಕಣ್ಣರಳಿಸಿದಳು. "ಅಂಕಲ್, ಸೈಕಲ್ಲಾ? ಆಲ್ ದ ವೇ? ಸುಗೋಯ್!" ಎಂದು ಜಪಾನಿಯಲ್ಲೇ ಮೆಚ್ಚಿದಳು.

"ಏನ್ ಗುರು, ಒಲಿಂಪಿಕ್ಸ್‌ಗೆ ಪ್ರಾಕ್ಟೀಸಾ?" ಒಳಗಿಂದ ಶ್ರೀಕಂಠ ಕೂಗಿದ. "ಅದೇ ಪೋಸ್ಟ್‌ಪೋನ್ ಆಗಿದೆಯಲ್ಲೋ!"

"ಬಸ್ಸು ಬೇಡ ಅನ್ನಿಸ್ತು." ಕೈಗೆ ಸ್ಯಾನಿಟೈಸರ್ ಉಜ್ಜಿಕೊಳ್ಳುತ್ತ ಜಯಂತ ಚಂದ್ರಶೇಖರನ ಮುಖ ನೋಡಿದ. ಚಂದ್ರಶೇಖರ ಕಿಟಕಿ ತೆರೆಯಲು ಎದ್ದುಹೋದ.

ವಿಶಾಲಾಕ್ಷಿ ಕಾಫಿ ತಂದಳು. ಊರಿಂದ ಪಾರ್ಸೆಲ್ಲುಗಳು ನಿಂತು ಎಷ್ಟೋ ದಿನವಾಗಿತ್ತು. ಇದು ಕೊನೆಯ ಪ್ಯಾಕೆಟ್ಟಿನ ಪುಡಿ. ತಟ್ಟೆಯಲ್ಲಿ ನಾಲ್ಕು ಮಣ್ಣಿನ ಲೋಟ, ಒಂದು ಕಾಗದದ್ದು. ಕೈ ಸುಡಬಾರದೆಂದು ಕಾಗದದ ಲೋಟದ ಹೊರಗೆ ಇನ್ನೊಂದು ಕಾಗದದ ಲೋಟ ತೊಡಿಸಿದ್ದಳು.

"ನಿಮಗೆ ಸಕ್ಕರೆ ಕಮ್ಮಿ ಹಾಕಿದೀನಿ ಜಯಂತ್. ನೆನಪಿದೆ ನಂಗೆ."

ಬೇರೆ ಏನನ್ನಾದರೂ ನುಂಗಿಕೊಳ್ಳಬಹುದಿತ್ತು. ಆ ಅಕ್ಕರೆಯನ್ನು ಆಗಲಿಲ್ಲ.

ಅವಳ ಹಿಂದಿನ ಗಾಜಿನ ಕಪಾಟಿನಲ್ಲಿ ಐದನೆಯ ಲೋಟ ಇತ್ತು. ದಸರೆಯ ಆ ದಿನದ ನಂತರ ಅದನ್ನು ಯಾರೂ ಮುಟ್ಟಿರಲಿಲ್ಲವೆಂದು ನೋಡಿದರೇ ತಿಳಿಯುತ್ತಿತ್ತು. ಉಳಿದ ನಾಲ್ಕು ದಿನದಿನದ ಕಾಫಿಗೆ ಕಪ್ಪೇರಿ ಮೈ ಹೊಳೆಯಿಸುತ್ತಿದ್ದವು. ಅದೊಂದು ಮಾತ್ರ ಆವಿಗೆಯಿಂದ ಹೊರತೆಗೆದ ದಿನದಂತೆ ಒಣಕಲಾಗಿ, ಬಿಳಿಚಿಕೊಂಡು ಕೂತಿತ್ತು.

ಜಯಂತ ಎದ್ದು ಕಪಾಟಿನ ಬಾಗಿಲು ಸರಿಸಿದ.

"ಅಯ್ಯೋ, ಅದು ಶೋಗೆ ಇಟ್ಟಿರೋದು," ಎಂದಳು ವಿಶಾಲಾಕ್ಷಿ.

"ಕುಡಿಯೋಕೆ ಅಂತ ಕೊಟ್ಟಿದ್ದು."

"ಗುರು, ನಿಂಗೊತ್ತಲ್ಲ, ಈ ಕೊರೊನಾ..."

"ನಾನು ಬಸ್ಸಲ್ಲಿ ಬಂದಿಲ್ಲ ಚಂದ್ರು."

ಶ್ರೀಕಂಠ ತನ್ನ ಲೋಟದೊಳಗೆ ಏನೋ ಬಿದ್ದವನಂತೆ ಅದನ್ನೇ ನೋಡತೊಡಗಿದ. ಜಯಂತ ಆ ಲೋಟ ತಂದು ಮೇಜಿನ ಮೇಲೆ, ಉಳಿದವುಗಳ ನಡುವೆ ಇಟ್ಟ.

"ತಡೀರಿ, ನೀರಲ್ಲಾದ್ರೂ ನೆನೆಸಿ ಕೊಡ್ತೀನಿ," ವಿಶಾಲಾಕ್ಷಿಯ ಕೈ ಮುಂದೆ ಬಂದು ಅರ್ಧದಲ್ಲೇ ನಿಂತಿತು. "ಒಣಗಿಹೋಗಿದೆ ಅದು. ಕಲೆ ಹಿಡಿಯತ್ತೆ. ನೀವೇ ಹೇಳಿದ್ರಲ್ಲ ಅವತ್ತು."

"ಹಿಡೀಲಿ."

ಕಾಗದದ ಲೋಟದಿಂದ ಮಣ್ಣಿನ ಲೋಟಕ್ಕೆ ಕಾಫಿ ಸುರಿದ. ಎಷ್ಟೋ ಕಾಲದಿಂದ ಬಾಯಾರಿದ್ದ ಮಣ್ಣು ಚಿಟಚಿಟ ಎಂದು ಸಣ್ಣಗೆ ಸದ್ದು ಮಾಡಿತು. ಹರ್ಷಿಣಿ ಓಡಿಬಂದು ಲೋಟದ ಪಕ್ಕ ಕಿವಿಯಿಟ್ಟಳು.

"ಅಮ್ಮಾ, ಇಟ್ಸ್ ಡ್ರಿಂಕಿಂಗ್!"

"ಹರ್ಷಿಣಿ, ಈ ಕಡೆ ಬಾ."

ಅವಳು ಹೋಗಲಿಲ್ಲ. ಜಯಂತ ನಿಧಾನವಾಗಿ ಕುಡಿದ. ಆರುವ ತನಕ, ತಳದಲ್ಲಿ ಚರಟ ಕಾಣುವ ತನಕ ಕುಡಿದ. ತೆರೆದ ಕಿಟಕಿಯಿಂದ ಚಳಿ ಬರುತ್ತಲೇ ಇತ್ತು. ಆಮೇಲೆ ಅವನೇ ಸಿಂಕಿನಲ್ಲಿ ಲೋಟ ತೊಳೆದು, ಉಳಿದ ನಾಲ್ಕನ್ನು ದಿನವೂ ಕವುಚಿಡುವ ತಂತಿಯ ಬುಟ್ಟಿಯಲ್ಲೇ ಕವುಚಿಟ್ಟ. ಅಂಚಿನಿಂದ ಇಳಿದ ಕಂದು ಕಲೆ ಬೆರಳಗಲಕ್ಕೆ ಹಾಗೆಯೇ ಉಳಿದಿತ್ತು.

"ಬರ್ತೀನಿ. ಯುಗಾದಿಗೆ ಸಿಗೋಣ," ಎಂದು ಹೆಲ್ಮೆಟ್ ಎತ್ತಿಕೊಂಡ.

"ಹ್ಞೂಂ... ನೋಡೋಣ ಗುರು. ಕೇಸುಗಳು ಹೇಗಿರತ್ತೋ ಏನೋ," ಎಂದ ಚಂದ್ರಶೇಖರ.

"ಸೈಕಲ್ಲಲ್ಲೇ ಬರ್ತೀನಿ."

ಬೂಟಿನ ಲೇಸು ಕಟ್ಟುವಾಗ ಅಡುಗೆಮನೆ ಕಾಣುತ್ತಿತ್ತು. ವಿಶಾಲಾಕ್ಷಿ ಒರೆಸುವ ಬಟ್ಟೆ ಹಿಡಿದು ಬುಟ್ಟಿಯ ಮುಂದೆ ನಿಂತಿದ್ದಳು. ಲೋಟವನ್ನು ಎತ್ತಿಕೊಳ್ಳಲೂ ಇಲ್ಲ, ಅಲ್ಲಿಂದ ಸರಿಯಲೂ ಇಲ್ಲ. ಅದನ್ನು ಮಾಡಿದವನು ತಾನೇ ಎಂದು ಜಯಂತ ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.