ವೋಲ್ಗಾ ಕಾರಿನ ನಡುಕ

ಜಾರ್ಜಿಯಾದ ಕುತಾಯಿಸಿ ಊರಿನ ನಮ್ಮ ಬೀದಿಯಲ್ಲಿ ಮದುವೆಯಾದ ಹೆಣ್ಣುಮಕ್ಕಳೆಲ್ಲ ಒತಿಯಾನ ವೋಲ್ಗಾದಲ್ಲಿ ಕೂತೇ ಗಂಡನ ಮನೆಗೆ ಹೋದವರು. ನಾನೂ ಹಾಗೆಯೇ ಬಂದವಳು. ಒತಿಯಾನಿಗೆ ಅವನ ಅಪ್ಪನಿಂದ ಬಂದ ಆ ಕಾರಿಗೆ ಕೆನೆಯ ಬಣ್ಣ, ಮೂತಿಯ ಮೇಲೆ ಜಿಗಿಯುತ್ತಿರುವ ಜಿಂಕೆ. ಒಂದು ಕಲೆ ಬಿದ್ದರೂ ಒತಿಯಾನಿಗೆ ಊಟ ಸೇರುತ್ತಿರಲಿಲ್ಲ.

ಕಳೆದ ವಸಂತದಲ್ಲಿ ಅವನು ಮದುಮಗಳೊಬ್ಬಳನ್ನು ಕೂರಿಸಿಕೊಂಡು ರಿಕೋತಿ ಘಾಟಿ ಇಳಿಯುತ್ತಿದ್ದ. ವೇಗ ಅರವತ್ತು ದಾಟಿದ್ದೇ ತಡ, ಸ್ಟಿಯರಿಂಗ್ ಅವನ ಕೈಯಲ್ಲಿ ಹಿಡಿದ ಮೀನಿನ ಹಾಗೆ ಒದ್ದಾಡತೊಡಗಿತು. ಮುಂದಿನ ಚಕ್ರಗಳೆರಡೂ ಎಡಕ್ಕೆ ಬಲಕ್ಕೆ ಬಡಿದುಕೊಂಡವು. ಕಾರು ರಸ್ತೆ ಬಿಟ್ಟು ಜಲ್ಲಿಯ ಮೇಲೆ ಉಜ್ಜಿಕೊಂಡು ಹೋಗಿ ತಡೆಗೋಡೆಯ ಹತ್ತಿರ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಮದುಮಗಳು ಅಳುತ್ತ ಇಳಿದು ಬೇರೆ ಕಾರು ಹತ್ತಿದಳು.

"ನನ್ನ ಕೈ ನಡುಗಿತು," ಎಂದ ಒತಿಯಾ, ಮನೆಗೆ ಬಂದವನೇ. ಅಷ್ಟೇ. ಕಾರನ್ನು ಶೆಡ್ಡಿಗೆ ಹಾಕಿ, ಅಂಗಳದ ದ್ರಾಕ್ಷಿ ಚಪ್ಪರದ ಕೆಳಗೆ ಕೂತವನು ಎದ್ದು ಆ ಕಡೆ ಹೋಗಲೇ ಇಲ್ಲ.

ನನ್ನ ಗಂಡ ನುಗ್ಜಾರ್ ಮೆಕ್ಯಾನಿಕ್. ನಮ್ಮ ಮನೆಯ ಕೆಳಗೇ ಅವನ ಗ್ಯಾರೇಜು. ಸ್ನೇಹಿತನನ್ನು ಸಮಾಧಾನ ಮಾಡಲು ಹೋಗಿ, ಆಡಬಾರದ್ದನ್ನೇ ಆಡಿದ. "ವಯಸ್ಸಾಯ್ತಲ್ಲೋ ಮಾರಾಯ. ಕೈ ನಡುಗದೆ ಇನ್ನೇನು ಕುಣಿಯುತ್ತಾ? ಮಾರಿಬಿಡು ಅದನ್ನ. ತ್ಬಿಲಿಸಿಯವರು ಹಳೇ ಕಾರು ಅಂದ್ರೆ ಬಾಯಿ ಬಾಯಿ ಬಿಡ್ತಾರೆ."

ಒತಿಯಾ ತಲೆಯಾಡಿಸಿದ. ಅವನ ಹೆಂಡತಿ ಎತೇರಿ ಆಡಿಸಲಿಲ್ಲ. ಬೀನ್ಸ್ ಬಿಡಿಸುತ್ತಿದ್ದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಕೈ ನಡುಗಿ ಚಕ್ರ ನಡುಗ್ತೋ, ಚಕ್ರ ನಡುಗಿ ಕೈ ನಡುಗ್ತೋ, ಮೊದಲು ಅದನ್ನ ನೋಡೋಣ. ಆಮೇಲೆ ಮಾರೋ ಮಾತು."

"ಯಾರು ನೋಡೋದು ಅತ್ತಿಗೆ?"

"ನಾನೇ."

ಎತೇರಿ ನಮ್ಮೂರಿನ ಲಾರಿ ಕಾರ್ಖಾನೆಯಲ್ಲಿ ಅದು ಮುಚ್ಚುವ ತನಕ ಲೋಹ ಕಡೆಯುವ ಲೇತ್ ಯಂತ್ರ ನಡೆಸಿದವಳು. ಲೋಹದ ಮೇಲೆ ಬೆರಳಾಡಿಸಿ ಸವೆತ ಹೇಳುವ ಹೆಂಗಸು. ಆದರೆ ಗಂಡನ ಕಾರನ್ನು ಮುಟ್ಟಿದವಳಲ್ಲ, ಅದು ಅವನ ಪ್ರಪಂಚ ಅಂತ ಬಿಟ್ಟಿದ್ದಳು. ಮರುದಿನ ಬೆಳಗ್ಗೆ ತಲೆಗೆ ವಸ್ತ್ರ ಕಟ್ಟಿಕೊಂಡು ಶೆಡ್ಡಿನ ಬಾಗಿಲು ತೆಗೆದಳು.

ಮೊದಲು ನುಗ್ಜಾರ್ ಹೇಳಿದ ಹಾಗೆ ಟೈರು ಬದಲಾಯಿಸಿ ಚಕ್ರಗಳ ಬ್ಯಾಲೆನ್ಸ್ ಮಾಡಿಸಿದಳು. ತಾನೇ ಓಡಿಸಿಕೊಂಡು ಜೆಸ್ತಾಫೋನಿ ರಸ್ತೆಗೆ ಹೋದಳು. ಅರವತ್ತಕ್ಕೆ ಬರುತ್ತಲೇ ಮತ್ತದೇ ಒದ್ದಾಟ. ಹಲ್ಲು ಕಚ್ಚಿ ಹಿಡಿದು, ವೇಗ ಇಳಿಸಿ, ವಾಪಸು ಬಂದಳು. ಅವಳ ಮುಖ ನೋಡಿ ನನಗೆ ಆಶ್ಚರ್ಯವಾಯಿತು, ಅವಳು ಸಂತೋಷವಾಗಿದ್ದಳು.

"ಲಮ್ಜೀರಾ, ನನ್ನ ಕೈಯಲ್ಲೂ ನಡುಗಿತು ಕಣೇ! ನನಗೇನು ವಯಸ್ಸಾಗಿದ್ಯಾ?"

ಜಾಕ್ ಹಾಕಿ ಮುಂದಿನ ಚಕ್ರ ಎತ್ತಿದಳು. ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿದರೆ ಕಟಕ್ ಕಟಕ್ ಎಂದಿತು. ಚಕ್ರದ ಬೇರಿಂಗ್ ಸಡಿಲವಾದರೂ ಹಾಗೆ ಸದ್ದು ಬರುತ್ತದೆ. ಯಾರಾದರೂ ಬ್ರೇಕ್ ಒತ್ತಿ ಹಿಡಿದರೆ ಬೇರಿಂಗಿನ ಸದ್ದು ನಿಲ್ಲುತ್ತದೆ. ಆಗಲೂ ನಿಲ್ಲದಿದ್ದರೆ ಚಕ್ರ ತಿರುಗಲು ಆಧಾರವಾದ ಕಿಂಗ್ ಪಿನ್ನೇ ಸವೆದಿದೆ ಎಂದರ್ಥ. ಬ್ರೇಕ್ ಒತ್ತಲು ನಾನಿದ್ದೆ, ಎದುರಿಗೇ ನಿಂತಿದ್ದೆ. ಎತೇರಿ ನನ್ನನ್ನು ಕರೆಯಲಿಲ್ಲ.

"ಒತಿಯಾ, ಬಾ ಇಲ್ಲಿ. ಬ್ರೇಕ್ ಒತ್ತು."

"ಲಮ್ಜೀರಾ ಒತ್ತಲಿ."

"ಅವಳಿಗೆ ಮಂಡಿನೋವು."

ನನಗೆ ಯಾವ ಮಂಡಿನೋವೂ ಇರಲಿಲ್ಲ. ಆದರೂ ಸುಮ್ಮನೆ ಮಂಡಿ ನೀವಿಕೊಂಡೆ. ಒತಿಯಾ ಗೊಣಗುತ್ತ ಬಂದು ಬಾಗಿಲು ತೆಗೆದು, ಸೀಟಿನ ಅಂಚಿಗೆ ಕೂತು ಬ್ರೇಕ್ ಒತ್ತಿದ. ಎತೇರಿ ಚಕ್ರ ಅಲ್ಲಾಡಿಸಿದಳು. ಕಟಕ್ ಕಟಕ್.

"ಇನ್ನೊಂದ್ಸಲ," ಎಂದ ಒತಿಯಾ.

ಕಟಕ್ ಕಟಕ್.

ಅವನು ಇಳಿದು ಬಂದು ತಾನೇ ಚಕ್ರ ಹಿಡಿದು ಅಲ್ಲಾಡಿಸಿದ. ಆಮೇಲೆ ಒಳಗೆ ಹೋಗಿ ತನ್ನ ಹಳೇ ಕೆಲಸದ ಅಂಗಿ ಹಾಕಿಕೊಂಡು ಬಂದ.

ಪಿನ್ನು ಬಿಚ್ಚುವುದೇ ದೊಡ್ಡ ಯುದ್ಧವಾಯಿತು. ಅದನ್ನು ಹಿಡಿದಿಟ್ಟ ಬೆಣೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಡೀಸೆಲ್ ಸುರಿದರು, ಗ್ಯಾಸ್ ಬೆಂಕಿಯಲ್ಲಿ ಕಾಯಿಸಿದರು, ಸುತ್ತಿಗೆಯಲ್ಲಿ ಹೊಡೆದರು. ಎತೇರಿಯ ಹೆಬ್ಬೆರಳು ಜಜ್ಜಿ ನೀಲಿಯಾಯಿತು. ಅದಕ್ಕೆ ಬಟ್ಟೆ ಸುತ್ತಿಕೊಂಡು ಮತ್ತೆ ಹೊಡೆದಳು. ಕೊನೆಗೆ ನುಗ್ಜಾರನೇ ತಡೆಯಲಾಗದೆ ದೊಡ್ಡ ಸುತ್ತಿಗೆ ತಂದ. ಬೆಣೆ ಹೊರಬಿತ್ತು, ಹಿಂದೆಯೇ ಪಿನ್ನೂ ಬಂತು. ಅದರ ಮೇಲ್ತುದಿ ಒಂದು ಪಕ್ಕ ಇಲಿ ಕೊರೆದ ಹಾಗೆ ಸವೆದಿತ್ತು.

"ವರ್ಷವಿಡೀ ಗ್ರೀಸ್ ಹೊಡೀತಿದ್ದೆ ನಾನು," ಎಂದ ಒತಿಯಾ. "ಮರೆತೇ ಇಲ್ಲ."

ಪಿನ್ನು ಕೂರುವ ಕಂಚಿನ ಬುಷ್ಷಿನ ಕೊಳವೆಗೆ ಎತೇರಿ ಬೆಳಕು ಹಿಡಿದಳು. ಗ್ರೀಸ್ ಒಳಗೆ ಹೋಗಲು ಅದರಲ್ಲೊಂದು ತೂತಿರುತ್ತದೆ, ಅದು ಗ್ರೀಸ್ ಹೊಡೆಯುವ ಹೊರಗಿನ ನಿಪ್ಪಲ್ಲಿಗೆ ಸರಿಯಾಗಿ ಎದುರು ಬರಬೇಕು. ಈ ಬುಷ್ಷಿನ ತೂತು ನಿಪ್ಪಲ್ಲಿಗೆ ಬೆನ್ನು ಹಾಕಿ ಕೂತಿತ್ತು. ಹೊಡೆದ ಗ್ರೀಸ್ ಒಂದು ಹನಿಯೂ ಒಳಗೆ ಹೋಗಿರಲಿಲ್ಲ.

"ಇದನ್ನ ಕೂರಿಸಿದ್ದು ಯಾರು?" ಎಂದಳು.

ನುಗ್ಜಾರ್ ಟೊಪ್ಪಿ ತೆಗೆದು, ಮತ್ತೆ ಹಾಕಿಕೊಂಡ. ನನ್ನ ಗಂಡನ ಕಿವಿ ಕೆಂಪಾಗುವುದನ್ನು ನಾನು ನೋಡಿದ್ದು ಅಪರೂಪ.

"ನಾನೇ ಕಣೋ ಒತಿಯಾ," ಎಂದ ಕೊನೆಗೆ. "ಬುಷ್ಷು ಹಾಕಿದ್ದು ನಾನೇ."

"ತಪ್ಪನ್ನ ನನ್ನ ಕೈ ಮೇಲೆ ಹಾಕಿದ್ಯಲ್ಲೋ ಪಾಪಿ!"

"ಬೈಯಿ. ಹೊಡಿ ಬೇಕಾದ್ರೆ."

ಒತಿಯಾ ಹೊಡೆಯಲಿಲ್ಲ. ಎರಡು ದಿನ ಅವನೊಂದಿಗೆ ಮಾತು ಬಿಟ್ಟ. ಮೂರನೇ ದಿನ ನುಗ್ಜಾರ್ ಹೊಸ ಪಿನ್ನು, ಬುಷ್ಷಿನ ಸೆಟ್ ಹಿಡಿದುಕೊಂಡು ಅವರ ಗೇಟಿನ ಹತ್ತಿರ ನಿಂತಾಗ, "ಒಳಗೆ ಬಾ, ಅಲ್ಲೇನು ಕಂಬದ ಹಾಗೆ ನಿಂತಿದೀಯ," ಎಂದ.

ಪಿನ್ನು ಚೆನ್ನಾಗಿತ್ತು. ಬುಷ್ಷುಗಳನ್ನು ಎತೇರಿ ಅಳೆದು ನೋಡಿ ಡಬ್ಬಿಗೆ ವಾಪಸು ಹಾಕಿದಳು. "ಹಾಕೋ ಮೊದಲೇ ಸಡಿಲ."

"ಎಲ್ಲರೂ ಇದನ್ನೇ ಹಾಕೋದು ಅತ್ತಿಗೆ."

"ಎಲ್ಲರ ಕಾರು ನನ್ನ ಗಂಡ ಓಡಿಸಲ್ಲ."

ಅವಳ ಜೊತೆ ಕೆಲಸ ಮಾಡಿದವನೊಬ್ಬನ ವರ್ಕ್‌ಶಾಪಿನಲ್ಲಿ ಹಳೇ ಲೇತ್ ಇತ್ತು. ಬುಷ್ಷುಗಳನ್ನು ತಾನೇ ಕಡೆಯಲು ಕಂಚಿನ ಸರಳು ಹಿಡಿದುಕೊಂಡು ಹೋದಳು. ನಾನೂ ಹೋಗಿದ್ದೆ. ಲೇತ್ ತಿರುಗತೊಡಗಿದಾಗ ಎತೇರಿ ಒಂದು ಕ್ಷಣ ಕಣ್ಣು ಮುಚ್ಚಿ ಅದರ ಸದ್ದು ಕೇಳಿದಳು. ಕಂಚಿನ ಸುರುಳಿಗಳು ಕೆಳಗೆ ಉದುರಿದವು. ಮೊದಲನೆಯದು ಕೂದಲೆಳೆಯಷ್ಟು ತಪ್ಪಿತು, ಎಸೆದಳು. ಎರಡನೆಯದನ್ನೂ ಎಸೆದಳು. ಸಂಜೆಯ ಹೊತ್ತಿಗೆ ಎರಡೂ ಚಕ್ರಕ್ಕೆ ಬೇಕಾದ ನಾಲ್ಕೂ ಅವಳ ಕೈಯಲ್ಲಿದ್ದವು. ಮನೆಯಲ್ಲಿ ಅವನ್ನು ಕೂರಿಸುವಾಗ ನುಗ್ಜಾರ್ ಪ್ರತಿಯೊಂದರ ತೂತಿನೊಳಗೆ ತಂತಿ ತೂರಿಸಿ, "ನೋಡಿ ಅತ್ತಿಗೆ, ನೋಡೋ ಒತಿಯಾ," ಎಂದು ಇಬ್ಬರಿಗೂ ತೋರಿಸಿದ ಮೇಲೇ ಮುಂದಕ್ಕೆ ಹೋದ.

ಅರವತ್ತಕ್ಕೆ ಈಗ ಒದ್ದಾಟ ಇರಲಿಲ್ಲ. ಆದರೆ ಒಂದು ಸಣ್ಣ ಗುಯ್‌ಗುಡುವಿಕೆ ಉಳಿದಿತ್ತು.

"ಇಷ್ಟು ಸಾಕು," ಎಂದ ನುಗ್ಜಾರ್. "ಅರವತ್ತು ವರ್ಷದ ಕಾರು ಇಷ್ಟೂ ಗೊಣಗಬಾರದಾ?"

"ಸಾಕಾಗಲ್ಲ," ಎಂದದ್ದು ಎತೇರಿಯಲ್ಲ, ಒತಿಯಾ. ಆಗಲೇ ಅವನು ಕಾರಿನ ಕೆಳಗೆ ಮಲಗಿದ್ದ. ನನಗೆ ಸ್ಟಿಯರಿಂಗನ್ನು ಸ್ವಲ್ಪ ಸ್ವಲ್ಪ ಅತ್ತಿತ್ತ ಆಡಿಸಲು ಹೇಳಿ, ಒಂದೊಂದೇ ಕೀಲಿನ ಮೇಲೆ ಕೈಯಿಟ್ಟು ನೋಡಿದ. ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡಿನ ಒಂದು ತುದಿ ಸಡಿಲವಾಗಿ ಕುಣಿಯುತ್ತಿತ್ತು. ಅದನ್ನೂ ಬದಲಾಯಿಸಿ, ಚಕ್ರಗಳ ಅಲೈನ್‌ಮೆಂಟ್ ಸರಿಮಾಡಿದರು.

ಭಾನುವಾರ ಬೆಳಗ್ಗೆ ನಾವು ನಾಲ್ವರೂ ಹೊರಟೆವು. ಎತೇರಿ ಓಡಿಸಿದಳು. ಅರವತ್ತು, ಎಪ್ಪತ್ತು, ಎಂಬತ್ತು. ಸ್ಟಿಯರಿಂಗ್ ನಿಂತ ನೀರಿನ ಹಾಗಿತ್ತು. ಘಾಟಿ ಶುರುವಾಗುವ ಕಡೆ ಅವಳು ಕಾರು ನಿಲ್ಲಿಸಿ, ಇಳಿದು, ಸುತ್ತಿ ಬಂದು ಗಂಡನ ಬಾಗಿಲು ತೆಗೆದಳು.

"ಆ ಕಡೆ ಸರಿ."

"ಎತೇರಿ, ನಿಜ ಹೇಳ್ತೀನಿ. ನನ್ನ ಕೈಯೂ ಸ್ವಲ್ಪ ನಡುಗುತ್ತೆ. ಚಹಾ ಲೋಟ ಹಿಡಿದಾಗ ನೀನೇ ನೋಡಿದೀಯ."

"ನೋಡಿದೀನಿ. ನಿನ್ನೆ ಅದೇ ಕೈ ಸಡಿಲವಾದ ಕೀಲು ಹುಡುಕಿದ್ದನ್ನೂ ನೋಡಿದೀನಿ. ಸರಿ ಆ ಕಡೆ. ಆಗದಿದ್ರೆ ಹೇಳು, ನಾನು ತಗೋತೀನಿ."

ಅವನು ಸರಿದು ಕೂತ. ಸ್ಟಿಯರಿಂಗನ್ನು ಮೊದಲು ಬಿಗಿಯಾಗಿ ಹಿಡಿದಿದ್ದ, ಗೆಣ್ಣುಗಳು ಬೆಳ್ಳಗಾಗಿದ್ದವು. ಎರಡು ತಿರುವು ಕಳೆದ ಮೇಲೆ ಹಿಡಿತ ಸಡಿಲವಾಯಿತು. ಹಿಂದಿನ ಸೀಟಿನಲ್ಲಿ ಉಸಿರು ಬಿಗಿಹಿಡಿದು ಕೂತಿದ್ದ ನನ್ನ ಗಂಡನಿಗೆ ಮಾತು ಬಂತು, ಆಮೇಲೆ ನಿಲ್ಲಲೇ ಇಲ್ಲ. ಘಾಟಿ ದಾಟಿ ಸುರಾಮಿ ತಲುಪಿದಾಗ ರಸ್ತೆ ಬದಿಯ ಹೆಂಗಸರು ಒಲೆಯಿಂದ ಆಗಷ್ಟೇ ತೆಗೆದ ಸಿಹಿ ರೊಟ್ಟಿ ಹಿಡಿದು ಕೂಗುತ್ತಿದ್ದರು. ಒತಿಯಾ ಕಾರು ನಿಲ್ಲಿಸಿ ನಾಲ್ಕು ರೊಟ್ಟಿ ಕೊಂಡ. ಬಿಸಿಯಿರುವಾಗಲೇ ಮುರಿದು, ದೊಡ್ಡ ತುಂಡನ್ನು ಹೆಂಡತಿಗೆ ಕೊಟ್ಟ.

"ವಾಪಸು ಹೋಗುವಾಗ ಯಾರು ಓಡಿಸೋದು?" ಎಂದಳು ಅವಳು, ಬಾಯಲ್ಲಿ ರೊಟ್ಟಿ ತುಂಬಿಕೊಂಡೇ.

"ಇಳಿಜಾರು ನನಗೆ," ಎಂದ ಒತಿಯಾ. "ಊರೊಳಗಿನ ಗಲ್ಲಿಗಳು ನಿನಗೆ."